ಗಟ್ಟಿಮೇಳಕ್ಕೆ ಮುಂಚೆ ಎರಡು ಇಡ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಓಲಗದವರಿಗೆ, ತಮಟೆಯವರಿಗೆ, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳಿಗೆ, ತಬಲದವರಿಗೆ, ಭಜನೆ ಮಂಡಳಿಗಳಿಗೆ, ಆರ್ಕೆಸ್ಟ್ರಾದ ಹುಡುಗ ಹುಡುಗಿಯರಿಗೆ ಅಡಿಗೆಯವನೊಬ್ಬನ ನಮಸ್ಕಾರ.

ನನಗೆ ಸರಿಗಮ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷದಿಂದ ದೊಡ್ಡಬಳ್ಳಾಪುರದ ಸುತ್ತಮುತ್ತ ಮದುವೆ, ನಾಮಕರಣ, ತಿಥಿ, ಜಾತ್ರೆಯ ಅನ್ನದಾನ ಅಂತ ಸೌಟು ಹಿಡಿದುಕೊಂಡೇ ತಿರುಗಿದ್ದೇನೆ. ಆದರೆ ನನ್ನ ಕೆಲಸಕ್ಕೆ ಗಡಿಯಾರ ಆಗಿದ್ದು ನೀವೇ. ಗಂಗೆಪೂಜೆಗೆ ಡೋಲು ಹೊರಟಿತು ಅಂದರೆ ಇಡ್ಲಿ ಹಬೆಗೆ ಇಡಬೇಕು. ಕಾಶಿಯಾತ್ರೆಯ ಸದ್ದು ಬಂತು ಅಂದರೆ ಸಾರಿಗೆ ಒಗ್ಗರಣೆ. ಗಟ್ಟಿಮೇಳ ಎದ್ದ ಕೂಡಲೇ ಅನ್ನಕ್ಕೆ ಎಸರು. ಗೋಡೆಯ ಆಚೆ ನೀವು, ಈಚೆ ನಾನು. ಮದುವೆಮನೆಯಲ್ಲಿ ಎಲ್ಲರ ಊಟ ಮುಗಿಯುವವರೆಗೂ ಎಲೆ ಮುಂದೆ ಕೂರದವರು ಎರಡೇ ಜಾತಿ: ಬಡಿಸುವವರು, ಬಾರಿಸುವವರು. ನಮಗಾದರೂ ಉಪ್ಪು ನೋಡುವ ನೆಪ ಒಂದಿದೆ. ನಿಮಗೆ ಅದೂ ಇಲ್ಲ.

ಈ ಕಾಗದ ಬರೆಯಲು ಕಾರಣ ಹೋದ ಮಾಘದಲ್ಲಿ ನಡೆದ ಒಂದು ಮದುವೆ. ಛತ್ರದ ಹೆಸರು ಬೇಡ. ತಾಳಿ ಕಟ್ಟುವ ಹೊತ್ತು, ಪುರೋಹಿತರು ಬೆರಳು ಆಡಿಸಿ ಗಟ್ಟಿಮೇಳ ಗಟ್ಟಿಮೇಳ ಅಂದರು, ಎರಡು ಡೋಲೂ ಎರಡು ನಾಗಸ್ವರವೂ ಒಟ್ಟಿಗೆ ಎದ್ದವು. ಎದ್ದ ಸದ್ದಿನಲ್ಲಿ ಒಂದು ನಾಗಸ್ವರ ನಡುವೆಯೇ ಕುಂಯ್ ಅಂದು ನಿಂತಿತು. ಹೊರಗೆ ಬಂದು ನೋಡಿದರೆ ಇಪ್ಪತ್ತು ವರ್ಷದ ಹುಡುಗ ಚಾಪೆ ಮೇಲೆ ಒರಗಿಕೊಂಡಿದ್ದಾನೆ, ಮುಖ ಬಿಳುಚಿದೆ. ಒಬ್ಬರು ದೃಷ್ಟಿ ಅಂದರು, ಇನ್ನೊಬ್ಬರು ಸೋಡಾ ತರಿಸಿದರು. ಅವನು ಕಣ್ಣು ಬಿಟ್ಟ ಮೇಲೆ ಒಂದು ಲೋಟ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕೇಳಿದರೆ ಕಥೆ ಇಷ್ಟೇ. ಹಿಂದಿನ ರಾತ್ರಿ ಬೇರೆ ಊರಲ್ಲಿ ಆರತಕ್ಷತೆ. ಇವರು ಊಟಕ್ಕೆ ಕೂರುವ ಹೊತ್ತಿಗೆ ಅನ್ನ ತಳ ಕಂಡಿತ್ತು. ದಾರಿಯಲ್ಲಿ ಒಂದು ಪೊಟ್ಟಣ ಚಿಪ್ಸು. ಬೆಳಗಿನ ಜಾವ ನಾಲ್ಕೂವರೆಗೆ ಒಂದು ಕಾಫಿ. ಆಮೇಲೆ ಗಂಗೆಪೂಜೆಯಿಂದ ಹಿಡಿದು ಒಂಬತ್ತೂಕಾಲರ ಮುಹೂರ್ತದವರೆಗೆ ಊದಿದ್ದೇ ಊದಿದ್ದು.

ನನ್ನ ಹಬೆಪಾತ್ರೆಯಲ್ಲಿ ಆಗ ಆರುನೂರು ಇಡ್ಲಿ ಇದ್ದವು. ಅವನಿಗೂ ಅವಕ್ಕೂ ಮಧ್ಯೆ ಹದಿನೈದು ಅಡಿ, ಒಂದು ಪರದೆ.

"ಕೇಳಬಾರದಿತ್ತೇನಪ್ಪಾ?" ಅಂದೆ. "ಕರೀದೆ ಹೆಂಗೆ ಬರೋದು ಭಟ್ರೇ" ಅಂದ. (ನಾನು ಭಟ್ಟನಲ್ಲ, ನೇಯ್ಗೆಯವರ ಮನೆಯವನು. ಮಗ್ಗ ನಿಂತಾಗ ಅಡಿಗೆ ಹಿಡಿದೆ. ಸೌಟು ಹಿಡಿದವರನ್ನೆಲ್ಲ ಭಟ್ರೇ ಅನ್ನುವುದು ನಮ್ಮ ಕಡೆ ರೂಢಿ.) ಆ ಮಾತು ನನ್ನನ್ನು ಬಿಡಲಿಲ್ಲ. ನುಡಿಸುವವರು ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಹೇಳುವವರು ಬಹಳ ಜನ ಇದ್ದಾರೆ. ಮೆಣಸು ಕಲ್ಲುಸಕ್ಕರೆ ಅನ್ನುವವರು ಒಬ್ಬರು, ಬಾಳೆಹಣ್ಣು ಮುಟ್ಟಬೇಡ ಅನ್ನುವವರು ಇನ್ನೊಬ್ಬರು. ಆದರೆ ನಾನು ಅಡಿಗೆಮನೆಯಿಂದ ನೋಡಿದ್ದು ಬೇರೆ. ನಿಮ್ಮನ್ನು ಕೆಡಿಸುತ್ತಿರುವುದು ತಿನಿಸಿಗಿಂತ ಹೆಚ್ಚಾಗಿ ಹೊತ್ತು. ಮತ್ತು ಆ ಹೊತ್ತು ನಿಮ್ಮ ಕೈಯಲ್ಲಿಲ್ಲ, ಕರೆಸಿದವರ ಕೈಯಲ್ಲಿದೆ. ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ ಅಂತ ಹೇಳಲು ಈ ಕಾಗದ.

ನಮ್ಮಣ್ಣನ ವಿಷಯ ಹೇಳುತ್ತೇನೆ. ಅವನು ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಜಿಲ್ಲೆಯಲ್ಲಿ ಕುರುಕ್ಷೇತ್ರ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಮೂರು ನಾಲ್ಕು ತಿಂಗಳ ಅಭ್ಯಾಸ, ಹೊಲದಿಂದ ಬಂದವನು ಕರ್ಣ, ಹಾಲಿನ ಡೈರಿಯ ಸೆಕ್ರೆಟರಿ ದುರ್ಯೋಧನ, ಪಾತ್ರ ಮಾಡುವವರೇ ದುಡ್ಡು ಹಾಕಿ ಸೀನರಿ ತರಿಸಿ ಆಡುವ ನಾಟಕ. ರಾತ್ರಿ ಒಂಬತ್ತೂವರೆಗೆ ಪೂಜೆ ಆಗಿ ಪರದೆ ಎದ್ದರೆ ಇಳಿಯುವುದು ಕೋಳಿ ಕೂಗಿದ ಮೇಲೆ. ಅಷ್ಟು ಹೊತ್ತೂ ಮೇಷ್ಟ್ರು ರಂಗಮಂಚದ ಪಕ್ಕ ಕಾಲು ಮಡಿಸಿ ಕೂತಿರಬೇಕು. ಬರೀ ನುಡಿಸಿದರೆ ಸಾಲದು. ಕೃಷ್ಣ ಶ್ರುತಿ ಬಿಟ್ಟರೆ ಎತ್ತಿಕೊಡಬೇಕು, ಭೀಮ ಸಾಲು ಮರೆತರೆ ತಾನೇ ಹಾಡಬೇಕು, ಇಪ್ಪತ್ತು ಪಾತ್ರದ ಹಾಡನ್ನೂ ಒಂದು ಗಂಟಲಲ್ಲಿ ಹೊರಬೇಕು.

ಅವನ ಊಟ ಹೇಗಿತ್ತು? ನಾಟಕದ ದಿನ ಗೌಡರ ಮನೆಯಲ್ಲಿ ರಾತ್ರಿ ಎಂಟೂವರೆಗೆ ಮೇಷ್ಟ್ರಿಗೆ ಮರ್ಯಾದೆಯ ಊಟ. ಎರಡು ಮುದ್ದೆ, ನಾಟಿಕೋಳಿ ಸಾರು, ಮೇಲೆ ಅನ್ನ, ಬೇಡ ಅಂದರೂ ಇನ್ನೊಂದು ಸೌಟು. ಅಲ್ಲಿಂದ ಎದ್ದು ನೇರ ಹಾರ್ಮೋನಿಯಂ ಮುಂದೆ. ಹನ್ನೊಂದಕ್ಕೆ ಟೀ, ಒಂದಕ್ಕೆ ಟೀ, ಮೂರಕ್ಕೆ ಟೀ, ಜೊತೆಗೆ ಮಸಾಲೆವಡೆ, ಬೀಡಿ. ಬೆಳಿಗ್ಗೆ ಆರಕ್ಕೆ ಮಂಗಳ ಹಾಡಿ ಬಂದು ಖಾಲಿ ಹೊಟ್ಟೆಗೆ ಇನ್ನೊಂದು ಊಟ ಬಾರಿಸಿ ಮಧ್ಯಾಹ್ನದವರೆಗೆ ನಿದ್ದೆ. ಹತ್ತು ಹದಿನೈದು ವರ್ಷ ಹೀಗೇ ನಡೆಯಿತು. ಆಮೇಲೆ ಬೆಳಗಾಗುತ್ತಲೇ ಗಂಟಲು ಕಟ್ಟುವುದು, ಮಾತಿಗೆ ಮೊದಲು ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಶುಂಠಿ, ಮೆಣಸು, ಜೇಷ್ಠಮಧು ಎಲ್ಲ ಆಯಿತು. ಕೊನೆಗೆ ಬೆಂಗಳೂರಿನ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಇವನ ಗಂಟಲು ಕೆಟ್ಟಿರುವುದು ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಅಂದರು.

ವಿವರ ಕೇಳಿ ನಾನೇ ಬೆರಗಾದೆ. ಹೊಟ್ಟೆಯ ಹುಳಿ ಮೇಲಕ್ಕೆ ಬರದಂತೆ ಅನ್ನನಾಳದ ತುದಿಯಲ್ಲಿ ಒಂದು ಬಿಗಿ ಇರುತ್ತದಂತೆ, ಚೀಲದ ಬಾಯಿಗೆ ಹುರಿ ಬಿಗಿದ ಹಾಗೆ. ಹೊಟ್ಟೆ ತುಂಬ ಉಂಡು ಎತ್ತರದ ಸ್ವರಕ್ಕೆ ದಮ್ಮು ಕಟ್ಟಿದರೆ ಹೊಟ್ಟೆ ಒತ್ತಿಸಿಕೊಂಡು ಆ ಹುರಿ ಸಡಿಲುತ್ತದೆ. ಉಂಡ ತಕ್ಷಣ ಮಲಗಿದರೂ ಅದೇ. ಎಣ್ಣೆ ಪದಾರ್ಥ, ಕಾಫಿ ಟೀ, ಬೀಡಿ, ಹೆಂಡ ಇವು ಆ ಹುರಿಯನ್ನು ಇನ್ನೂ ಸಡಿಲ ಮಾಡುತ್ತವೆ. ಮೇಲೆ ಬಂದ ಹುಳಿ ಎದೆ ಉರಿಸಿಯೇ ತೀರಬೇಕು ಅಂತಿಲ್ಲ. ಸದ್ದಿಲ್ಲದೆ ಧ್ವನಿಪೆಟ್ಟಿಗೆಯನ್ನು ಸವರಿಕೊಂಡು ಹೋಗುತ್ತದೆ. ಅಣ್ಣ ಇಷ್ಟು ವರ್ಷ ಗಂಟಲಿಗೆ ಮದ್ದು ಮಾಡಿದ್ದ, ಬೆಂಕಿ ಕೆಳಗಿತ್ತು.

ಡಾಕ್ಟರು ಹೇಳಿದ ಇನ್ನೊಂದು ಮಾತು ಹಾಡುವವರೆಲ್ಲ ಕೇಳಬೇಕು. ಹಾಡಿನ ನಡುವೆ ಕುಡಿದ ನೀರು ಧ್ವನಿತಂತಿಗೆ ತಾಕುವುದೇ ಇಲ್ಲ. ನೀರು ಇಳಿಯುವ ದಾರಿ ಬೇರೆ, ಧ್ವನಿತಂತು ಇರುವ ಗಾಳಿಯ ದಾರಿ ಬೇರೆ. ತಾಕಿದರೆ ಕೆಮ್ಮಿ ಸಾಯುತ್ತೀರಿ. ನೀರು ಹೊಟ್ಟೆ ಸೇರಿ, ರಕ್ತ ಸೇರಿ, ಅಲ್ಲಿಂದ ಗಂಟಲಿನ ತೇವಕ್ಕೆ ಬರಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ರಾತ್ರಿ ಹಾಡುವವನು ಮಧ್ಯಾಹ್ನದಿಂದಲೇ ನೀರು ಕುಡಿಯುತ್ತಾ ಬರಬೇಕು. ಮೈಕ್ ಮುಂದಿನ ಬಿಸಿನೀರು ಬಾಯಿ ಒಣಗದಿರಲು ಮಾತ್ರ.

ಅಣ್ಣ ಈಗ ನಾಟಕದ ದಿನ ಸಂಜೆ ಆರೂವರೆಗೆ ಒಂದು ಸಣ್ಣ ಮುದ್ದೆ, ತೆಳ್ಳಗಿನ ಸೊಪ್ಪಿನ ಸಾರು ಉಣ್ಣುತ್ತಾನೆ. ನಾಟಕದ ನಡುವೆ, ಒಂದು ಗಂಟೆಯ ಸುಮಾರಿಗೆ, ಡಬ್ಬಿಯಿಂದ ಎರಡು ಇಡ್ಲಿ ಅಥವಾ ನಾಲ್ಕು ತುತ್ತು ಅನ್ನ ಮೆಣಸಿನ ಸಾರು. ಟೀ ಒಂದೇ ಸಲ. ಬೆಳಿಗ್ಗೆ ಬಂದರೆ ಗಂಜಿ ಕುಡಿದು, ಎರಡು ಗಂಟೆ ಗೋಡೆಗೆ ಒರಗಿ ಕೂತು, ಆಮೇಲೆ ಮಲಗುತ್ತಾನೆ. ಗೌಡರ ಮನೆಯವರು ಬೇಸರ ಮಾಡಿಕೊಂಡರೆ, ಕೋಳಿ ನಾಳೆ ಮಧ್ಯಾಹ್ನಕ್ಕೆ ಇರಲಿ ಅನ್ನುತ್ತಾನೆ. ಯಾರೂ ಇಲ್ಲ ಅಂದಿಲ್ಲ.

ಹಿಂದಿನವರು ಇದನ್ನೆಲ್ಲ ಹೇಗೆ ತೂಗಿಸಿದರು ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ. ನಮ್ಮ ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರು ರಂಗದ ಮೇಲೆ ಹಾಡಿ ಬೆಳೆದವರು, ಆಮೇಲೆ ಸಿನಿಮಾಕ್ಕೆ ಹೋದರು. ಆ ಕಾಲದ ಕಂಪನಿ ನಾಟಕದಲ್ಲಿ ಕೊನೆಯ ಬೆಂಚಿನವನಿಗೂ ಬರಿಗಂಟಲು ಮುಟ್ಟಬೇಕಿತ್ತು. ಆದರೆ ಗುಬ್ಬಿ ವೀರಣ್ಣನವರಂಥವರ ಕಂಪನಿಗೆ ಒಂದು ಅನುಕೂಲ ಇತ್ತು: ಡೇರೆಯ ಜೊತೆ ಅಡಿಗೆಮನೆಯೂ ಊರಿಂದೂರಿಗೆ ಹೋಗುತ್ತಿತ್ತು. ನಟರು, ವಾದ್ಯದವರು ಎಲ್ಲರಿಗೂ ಕಂಪನಿಯದೇ ಊಟ. ಯಾರ ಮನೆಯ ಮರ್ಯಾದೆಗೂ ಕಾಯಬೇಕಿರಲಿಲ್ಲ. ನಿಮಗೆ ಡೇರೆಯೂ ಇಲ್ಲ, ಅಡಿಗೆಮನೆಯೂ ಇಲ್ಲ.

ಇನ್ನು ಓಲಗದವರೇ, ನಿಮ್ಮ ಕಷ್ಟ ನಾಟಕದವರದ್ದಕ್ಕೆ ತಿರುಗುಮುರುಗು. ಅವರಿಗೆ ಮೊದಲು ಅತಿಯಾಗಿ ಬಡಿಸುತ್ತಾರೆ, ನಿಮಗೆ ಬಡಿಸುವುದೇ ಇಲ್ಲ. ತುಂಬಿದ ಹೊಟ್ಟೆಯಲ್ಲಿ ಊದಲಾಗದು ಅನ್ನುವುದು ನಿಜ. ಇಪ್ಪತ್ತು ವರ್ಷದ ಹಿಂದೆ ತೂಬಗೆರೆ ಕಡೆ ಒಂದು ಮದುವೆ, ಹಲಸಿನ ಕಾಲ. ಆ ಊರಿನ ಹಲಸು ಗೊತ್ತಲ್ಲ, ಕೆಂಪು ತೊಳೆ, ಜೇನು. ಹಿಂದಿನ ರಾತ್ರಿ ತೋಟದವರು ಪ್ರೀತಿಯಿಂದ ಎರಡು ಹಣ್ಣು ಕೊಯ್ದು ಮುಂದಿಟ್ಟರು. ಬೆಳಿಗ್ಗೆ ಧಾರೆಯ ಹೊತ್ತಿಗೆ ದೊಡ್ಡ ನಾಗಸ್ವರದವರು ಎರಡು ಉಸಿರಿಗೊಮ್ಮೆ ಎದ್ದು ಹೋಗುವುದು, ಬರುವುದು. ಡೋಲಿನವನೊಬ್ಬನೇ ಮದುವೆ ಮುಗಿಸಿದ. ಆ ಹಿರಿಯರು ಈಗಿಲ್ಲ, ಆದರೆ ಹಲಸಿನ ಹಣ್ಣು ಕಂಡಾಗಲೆಲ್ಲ ಅವರ ಮುಖ ನೆನಪಾಗುತ್ತದೆ.

ಆದರೆ ತುಂಬಿದ ಹೊಟ್ಟೆ ಬೇಡ ಅಂದರೆ ಖಾಲಿ ಹೊಟ್ಟೆ ಅಂತಲ್ಲ. ನಾಲ್ಕೂವರೆಯಿಂದ ಒಂಬತ್ತೂಕಾಲು ಅಂದರೆ ಹೆಚ್ಚುಕಡಿಮೆ ಐದು ಗಂಟೆ. ಹೊಲ ಉಳುವವನೂ ಅಷ್ಟು ಹೊತ್ತು ಬರೀ ಕಾಫಿಯಲ್ಲಿ ಇರುವುದಿಲ್ಲ. ಗಂಗೆಪೂಜೆಗೆ ಮುಂಚೆ ಎರಡು ಇಡ್ಲಿ, ಚಟ್ನಿ ಒಂದು ಚಮಚ ಸಾಕು. ಸಾಂಬಾರಿನಲ್ಲಿ ಮುಳುಗಿಸಬೇಡಿ, ಬೆಳಗಿನ ಖಾರ ಏಳು ಗಂಟೆಗೆ ತೇಗಾಗಿ ಬರುತ್ತದೆ. ಇಡ್ಲಿ ಯಾಕೆ ಅಂದರೆ ಹಿಟ್ಟು ಹುದುಗಿ, ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು. ಬೇಗ ಅರಗಿ ಜಾಗ ಖಾಲಿ ಮಾಡುತ್ತದೆ. ಪೂರಿ, ಉದ್ದಿನವಡೆ ಹೋಗುವುದಿಲ್ಲ, ಬಾಡಿಗೆ ಕೊಡದ ಬಾಡಿಗೆದಾರನಂತೆ ಕೂತುಬಿಡುತ್ತವೆ. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ ಇದ್ದಾಗ ಏನೂ ತಿನ್ನಬೇಡಿ, ಕೇಸರಿಬಾತಿನ ದೊನ್ನೆ ಯಾರು ಕೊಟ್ಟರೂ ಪಕ್ಕಕ್ಕಿಡಿ. ತಿಂದರೆ ಬಾಯಿ ಚೆನ್ನಾಗಿ ಮುಕ್ಕಳಿಸಿ. ಪೀಪಿಯ ಸಂದಿಯಲ್ಲಿ ಒಂದು ತುಣುಕು ಸಿಕ್ಕರೆ ಏನಾಗುತ್ತದೆ ಅಂತ ನನಗಿಂತ ನಿಮಗೆ ಗೊತ್ತು.

ಘಾಟಿ ಸುಬ್ರಹ್ಮಣ್ಯದ ತೇರು ಬರುವುದು ಪುಷ್ಯ ಶುದ್ಧ ಷಷ್ಠಿಗೆ, ಸರಿಯಾಗಿ ಅವರೆಕಾಯಿಯ ಸುಗ್ಗಿಯಲ್ಲಿ. ಸೊಗಡಿನ ಅವರೆಕಾಳು ಸಾರು ಇಲ್ಲದ ಮನೆ ಆ ತಿಂಗಳಲ್ಲಿ ಇಲ್ಲ. ನನ್ನ ಕೈಯ ಸಾರನ್ನು ನಾನೇ ಬೈಯಲಾರೆ, ಆದರೂ ಹೇಳುತ್ತೇನೆ: ಊದುವ ದಿನ, ಹಾಡುವ ದಿನ ಸಿಪ್ಪೆ ಸಮೇತದ ಕಾಳು ಬೇಡ. ಆಸೆ ತಡೆಯದಿದ್ದರೆ ಹಿತಕಿದಬೇಳೆ, ಅದೂ ಸ್ವಲ್ಪ, ಇಂಗು ಶುಂಠಿ ಹಾಕಿಸಿಕೊಂಡು. ಕಾಳಿನ ಸಾರು ತೇರು ನಿಂತ ಮೇಲೆ.

ತಮಟೆಯವರೇ, ನಿಮಗೆ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಯಾಕೆಂದರೆ ನಿಮ್ಮ ಊಟದ ವಿಷಯದಲ್ಲಿ ನಮ್ಮ ಅಡಿಗೆಮನೆಗಳೂ ಪಾಲುದಾರರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಓಲಗದವರಿಗೆ ಕೊನೆಯ ಪಂಕ್ತಿ, ನಿಮಗೆ ಪಂಕ್ತಿಯೇ ಇಲ್ಲ. ಚಪ್ಪರದ ಹೊರಗೆ, ಕೊಟ್ಟಿಗೆ ಪಕ್ಕ, ನೀವು ತಂದ ಪಾತ್ರೆಗೆ ಮೇಲಿನಿಂದ ಸುರಿಯುತ್ತಿದ್ದರು. ಸುರಿದವರಲ್ಲಿ ನಾನೂ ಒಬ್ಬ. ದೇವರ ಮುಂದೆ ದಾರಿ ಮಾಡಿಕೊಂಡು ಹೋಗುವುದು ನಿಮ್ಮ ತಮಟೆ, ಪ್ರಸಾದ ಮುಟ್ಟುವುದು ನಿಮಗೆ ಕಟ್ಟಕಡೆಗೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಕೊಟ್ಟಿಗೆ. ಈಗ ಬಹಳ ಕಡೆ ಒಂದೇ ಹಾಲಿನಲ್ಲಿ ಕೂರುತ್ತೀರಿ. ಆದರೆ ನೀವೇ ಮೂಲೆಯ ಟೇಬಲ್ ಹುಡುಕುವುದನ್ನು ಈಗಲೂ ನೋಡುತ್ತೇನೆ.

ಇನ್ನೊಂದು ಕೆಟ್ಟ ರೂಢಿ ಇದೆ, ಊಟದ ಬದಲು ಕ್ವಾರ್ಟರ್ ಕೊಡುವುದು. "ಎಣ್ಣೆ ಬಿದ್ರೆ ಕೈ ಓಡ್ತದೆ" ಅಂತ ಮೆರವಣಿಗೆಗೆ ಮುಂಚೆಯೇ ಕೊಟ್ಟುಬಿಡುತ್ತಾರೆ. ಕರೆಸಿದವರಿಗೆ ಅದು ಅಗ್ಗ. ಒಂದು ಬಾಟಲಿ ಕೊಟ್ಟರೆ ಹತ್ತು ಎಲೆ ಉಳಿಯಿತು. ಕುಡಿದರೆ ಕೈ ಓಡಿದ ಹಾಗೆ ಅನ್ನಿಸುತ್ತದೆ ಅಷ್ಟೆ. ಹೆಂಡ ಮೈಯ ನೀರನ್ನು ಹೊರಗೆ ತಳ್ಳುತ್ತದೆ. ಮೂರು ಗಂಟೆ ಕುಣಿದು ಬಾರಿಸುವವನ ಅಂಗಿ ಹಿಂಡಿದರೆ ಮೊದಲೇ ಒಂದು ಚೊಂಬು ಬೆವರು. ನಿಮಗೆ ಬೇಕಾದದ್ದು ರಾಗಿ ಅಂಬಲಿ: ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಒಂದು ದೊಡ್ಡ ಲೋಟ, ಹೊರಡುವ ಒಂದು ಗಂಟೆ ಮುಂಚೆ. ದಾರಿಯಲ್ಲಿ ಉಪ್ಪು ಹಾಕಿದ ನೀರುಮಜ್ಜಿಗೆ. ಬಿಸಿಲು ಜೋರಾಗಿ ಮೈ ಸೋತರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆರೋಗ್ಯ ಕೇಂದ್ರದವರು ಭೇದಿಗೆ ಹೇಳಿಕೊಡುವ ಲೆಕ್ಕ ಅದೇ. ತಮಟೆಯನ್ನು ಹುಲ್ಲು ಉರಿಸಿ ಕಾಯಿಸದೆ ಮುಟ್ಟುವುದಿಲ್ಲ ನೀವು. ಹೊಟ್ಟೆಯನ್ನು ಮಾತ್ರ ತಣ್ಣಗೆ ಬಿಟ್ಟು ಹೊರಡುತ್ತೀರಿ.

ಮಧುರೆ ಶನಿಮಹಾತ್ಮನ ಹರಕೆಗೆ ಶನಿವಾರ ಉಪವಾಸ ಇದ್ದು ರಾತ್ರಿ ಭಜನೆ, ಕಥೆ ಓದುವವರಿಗೆ ಒಂದೇ ಮಾತು: ಹಾಲು, ಏಲಕ್ಕಿ ಬಾಳೆಹಣ್ಣು, ನೆನೆಸಿದ ಹೆಸರುಬೇಳೆಯ ಕೋಸಂಬರಿಗೆ ಯಾವ ದೇವರೂ ಸಿಟ್ಟಾದದ್ದು ನಾನು ಕಂಡಿಲ್ಲ.

ಆರ್ಕೆಸ್ಟ್ರಾದ ಮಕ್ಕಳೇ, ನಿಮ್ಮ ಲೋಕ ಬೇರೆ. ಆರತಕ್ಷತೆಯಲ್ಲಿ ಏಳರಿಂದ ಹಾಡು, ಎದುರಿಗೇ ಬಫೆಯ ಘಮ. ಒಮ್ಮೆ ಒಬ್ಬ ಹಾಡುವ ಹುಡುಗಿ ಬಂದು, "ಅಂಕಲ್, ಒಂದು ಹಿಡಿ ಮೊಸರನ್ನ ಕೊಡ್ತೀರಾ" ಅಂದಳು. ಕೊಟ್ಟು, ನೀರಿನ ಬಾಟಲಿಯನ್ನೂ ಮುಂದಿಟ್ಟೆ. ಬೇಡ ಅಂದಳು. ಯಾಕಮ್ಮಾ ಅಂದರೆ ತಲೆ ತಗ್ಗಿಸಿ, "ಸ್ಟೇಜ್ ಹಿಂದೆ ಬಾತ್‌ರೂಮ್ ಇಲ್ಲ ಅಂಕಲ್, ಅದಕ್ಕೇ ಮಧ್ಯಾಹ್ನದಿಂದ ಕುಡಿದಿಲ್ಲ." ಹಾಡುವವರು ಮಧ್ಯಾಹ್ನದಿಂದಲೇ ನೀರು ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದು ನನಗೆ ಚುಚ್ಚಿದ್ದು ಆಗ. ಕಮಿಟಿಯವರೇ, ಊರಹಬ್ಬದ ಸ್ಟೇಜು ಗದ್ದೆಬಯಲಲ್ಲಿ ಹಾಕುತ್ತೀರಲ್ಲ ಸ್ವಾಮಿ, ಎರಡು ಲಕ್ಷದ ಸೌಂಡ್ ಸಿಸ್ಟಮ್ ಪಕ್ಕದಲ್ಲಿ ತಗಡಿನ ಒಂದು ಶೌಚಾಲಯ ನಿಲ್ಲಿಸಲು ಆಗುವುದಿಲ್ಲವೇ? ಹೆಣ್ಣುಮಕ್ಕಳ ಗಂಟಲಿಗೆ ಮೊದಲ ಆಹಾರ ಅದೇ ಅಂತ ತಿಳಿಯಿರಿ.

ರಾತ್ರಿ ಹತ್ತಾದರೆ ಧ್ವನಿವರ್ಧಕ ನಿಲ್ಲಿಸಬೇಕು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಹತ್ತಕ್ಕೆ ನಿಂತರೂ ವೈರು ಸುತ್ತಿ, ಬಾಕ್ಸು ಗಾಡಿಗೆ ಹಾಕಿ, ಬಾಕಿ ದುಡ್ಡಿಗೆ ಕಾದು ಹೊರಡುವಾಗ ಹನ್ನೊಂದೂವರೆ. ಬಫೆ ಪಾತ್ರೆಗಳನ್ನು ನಾವು ಅಷ್ಟರಲ್ಲಿ ತೊಳೆದಿರುತ್ತೇವೆ. ದೂರದ ಊರಿಂದ ಬರುವವರಿಗಂತೂ ದಾರಿಯಲ್ಲೇ ಬೆಳಗು. ಆಗ ನಿಮ್ಮೆಲ್ಲರ ಗಾಡಿ ಎಲ್ಲಿಗೆ ತಿರುಗುತ್ತದೆ ಅಂತ ನನಗೆ ಗೊತ್ತು. ಹೊಸಕೋಟೆ.

ಹೊಸಕೋಟೆಯ ದಮ್ ಬಿರಿಯಾನಿಯನ್ನು ಕೆಟ್ಟದ್ದು ಅಂತ ಹೇಳಿದರೆ ನನ್ನ ಕುಲಕ್ಕೇ ದ್ರೋಹ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿನ ಕಾರುಗಳು ಸಾಲು ನಿಲ್ಲುತ್ತವೆ ಅಂದರೆ ಸುಮ್ಮನೆ ಅಲ್ಲ. ಸೌದೆ ಒಲೆ, ಕೊಪ್ಪರಿಗೆ, ಮುಚ್ಚಳದ ಮೇಲೆ ಕೆಂಡ. ಆ ಮುಚ್ಚಳ ತೆಗೆದಾಗ ಏಳುವ ಹಬೆಯನ್ನು ನಾನೂ ನಿಂತು ಮೂಸಿದ್ದೇನೆ, ಸಸ್ಯಾಹಾರದ ಕಂಟ್ರಾಕ್ಟ್ ಮುಗಿಸಿಕೊಂಡು ಬರುವಾಗಲೇ. ತಿನ್ನಿ. ಆದರೆ ಸಂಜೆ ಆರರಿಂದ ಏನೂ ಇಲ್ಲದ ಹೊಟ್ಟೆಗೆ, ನಾಲ್ಕಕ್ಕೆ ಒಂದೂವರೆ ಪ್ಲೇಟ್ ಮಟನ್ ಇಳಿಸಿ, ಗಾಡಿಯಲ್ಲೇ ಸೀಟು ಹಿಂದಕ್ಕೆ ಬಾಗಿಸಿ ಮಲಗುವುದು, ಅಣ್ಣ ಹದಿನೈದು ವರ್ಷ ಮಾಡಿದ್ದೂ ಅದನ್ನೇ. ಉಪಾಯ ಕಷ್ಟದ್ದಲ್ಲ. ಸ್ಟೇಜಿನಿಂದ ಇಳಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಅನ್ನ ಸಾರೋ, ಎರಡು ಚಪಾತಿ ಬೇಯಿಸಿದ ಮೊಟ್ಟೆಯೋ ಹೊಟ್ಟೆಗೆ ಹೋಗಲಿ. ನುಡಿಸಿ ಬಂದವನ ಮೈ ಗದ್ದೆ ಕೆಲಸ ಮಾಡಿ ಬಂದವನ ಮೈಯಂತೆ, ಆಗ ಕೇಳುತ್ತದೆ, ಆಗ ಕೊಡಬೇಕು. ಆಮೇಲೆ ಹೊಸಕೋಟೆಯಲ್ಲಿ ನಾಲ್ಕು ಜನಕ್ಕೆ ಎರಡು ಪ್ಲೇಟು, ಆಸೆಗೆ. ತಿಂದ ಮೇಲೆ ಮನೆಗೆ ಹೋಗಿ ಹಾಲು ಕರೆಯಿರಿ, ಪೇಪರ್ ಓದಿ, ಎರಡು ಗಂಟೆ ನೆಟ್ಟಗಿರಿ. ಓಡಿಸುವವನಿಗೆ ಮಾತ್ರ ಬಿರಿಯಾನಿ ಬೇಡ, ಟೀ ಕೊಡಿಸಿ. ಉಂಡ ಕಣ್ಣು ಹೆದ್ದಾರಿ ನೋಡುವುದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಿ ಊಟ ಮೂರು ಗಂಟೆ ತಡವಾದರೆ ತಬಲದ ಮೇಲೆ ಕೈ ನಡುಗುತ್ತದೆ, ತಲೆ ತಿರುಗುತ್ತದೆ. ಜೇಬಿನಲ್ಲಿ ನಾಲ್ಕು ಸಕ್ಕರೆ ಪೆಪ್ಪರಮಿಂಟ್ ಇರಲಿ, ಪಕ್ಕದವನಿಗೆ ವಿಷಯ ತಿಳಿದಿರಲಿ. ಗಂಟಲಿಗೆ ಅಂತ ದಿನವೂ ಜೇಷ್ಠಮಧು ಅಗಿಯುವವರು, ಅತಿಯಾದರೆ ಅದು ರಕ್ತದೊತ್ತಡ ಏರಿಸುತ್ತದೆ ಅಂತ ತಿಳಿದಿರಿ. ದೇವನಹಳ್ಳಿಯ ಚಕ್ಕೋತ ದಣಿದ ಬಾಯಿಗೆ ಅಮೃತ, ಆದರೆ ಕೊಲೆಸ್ಟ್ರಾಲ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳ ಜೊತೆ ಆ ಜಾತಿಯ ಹಣ್ಣು ಹೊಂದುವುದಿಲ್ಲ. ಒಮ್ಮೆ ಡಾಕ್ಟರನ್ನು ಕೇಳಿ. ಎಲೆಅಡಿಕೆ, ಕಡ್ಡಿಪುಡಿ ಬಿಡಿ ಅಂದರೆ ಬಿಡುವವರಲ್ಲ ನೀವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೇ 2004ರಲ್ಲಿ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ನಿಮ್ಮ ಅನ್ನ ಹುಟ್ಟುವುದೇ ಬಾಯಲ್ಲಿ.

ಇಷ್ಟೆಲ್ಲ ಹೇಳಿ, ಕರೆಸಿದವರು ಕೊಡದಿದ್ದರೆ ಏನು ಮಾಡೋದು ಅಂತೀರಿ. ನಮ್ಮಕ್ಕನ ಮಗ ಕೀಬೋರ್ಡ್ ನುಡಿಸುತ್ತಾನೆ. ಅವನು ಹೇಳಿದ ಕಥೆ. ಅಮೆರಿಕದಲ್ಲಿ ವ್ಯಾನ್ ಹೇಲನ್ ಅಂತ ಒಂದು ರಾಕ್ ತಂಡ. 1980ರ ದಶಕದಲ್ಲಿ ಅವರ ಕರಾರುಪತ್ರದ ಒಳಗೆಲ್ಲೋ ಒಂದು ಷರತ್ತು: ತೆರೆಮರೆಯ ಕೋಣೆಯಲ್ಲಿ ಎಂ ಅಂಡ್ ಎಂ ಅನ್ನುವ ಬಣ್ಣಬಣ್ಣದ ಮಿಠಾಯಿ ಇಡಬೇಕು, ಅದರಲ್ಲಿ ಕಂದು ಬಣ್ಣದ್ದು ಒಂದೂ ಇರಕೂಡದು. ಜನ ಕೊಬ್ಬು ಅಂದುಕೊಂಡರು. ಹಾಡುಗಾರ ಡೇವಿಡ್ ಲೀ ರಾತ್ ಆಮೇಲೆ ಗುಟ್ಟು ಹೇಳಿದ. ಕಂದು ಮಿಠಾಯಿ ಕಂಡರೆ ಕರೆಸಿದವನು ಕರಾರು ಪೂರ್ತಿ ಓದಿಲ್ಲ ಅಂತ ಅರ್ಥ. ಹಾಗಾದರೆ ಕರೆಂಟು, ಸ್ಟೇಜಿನ ಭಾರ ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷೆ ಮಾಡಬೇಕು. ಊಟದ ಷರತ್ತು ಜೀವ ಉಳಿಸುವ ಉಪಾಯವಾಗಿತ್ತು.

ನೀವು ಕರಾರು ಬರೆಯುವುದಿಲ್ಲ. ಎಲೆ ಅಡಿಕೆ ಮೇಲೆ ಮುಂಗಡ ಇಟ್ಟು ವೀಳ್ಯ ಕೊಡುತ್ತಾರೆ, ನೀವು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತೀರಿ. ಆ ಗಳಿಗೆಯಲ್ಲೇ ಹೇಳಿ: ಎಷ್ಟು ಜನ, ಎಷ್ಟು ಹೊತ್ತಿಗೆ, ಏನು. "ಸ್ವಾಮಿ, ಆರು ಜನ. ಬೆಳಿಗ್ಗೆ ಐದಕ್ಕೆ ಎರಡೆರಡು ಇಡ್ಲಿ, ಧಾರೆ ಆದ ಮೇಲೆ ಎರಡನೇ ಪಂಕ್ತಿಯಲ್ಲಿ ಊಟ." ಬೇಡುವ ಮಾತಲ್ಲ ಇದು, ಲೆಕ್ಕದ ಮಾತು. ಕರಾವಳಿ ಕಡೆ ಯಕ್ಷಗಾನ ಆಡಿಸುವವರು ಆಟಕ್ಕೆ ಮುಂಚೆ ಮೇಳದವರಿಗೆಲ್ಲ ಊಟ ಹಾಕುವ ರೂಢಿ ಇದೆ. ಮೇಳದವರು ಉಂಡರೇ ಎಂಬುದು ಅಲ್ಲಿ ಆಡಿಸುವವರ ಮರ್ಯಾದೆಯ ಪ್ರಶ್ನೆ. ನಮ್ಮ ಜಾತ್ರೆ ಕಮಿಟಿಯವರು, ಮದುವೆಯ ಯಜಮಾನರು ಈ ಕಾಗದ ಓದಿದರೆ ಸಂತೋಷ. ಆರು ಜನರ ಹನ್ನೆರಡು ಇಡ್ಲಿಗೆ ನಿಮ್ಮ ಬಿಲ್ಲಿನಲ್ಲಿ ನಾನು ಏನೂ ಹಾಕುವುದಿಲ್ಲ. ಬೇರೆ ಅಡಿಗೆಯವರೂ ಹಾಕಲಿಕ್ಕಿಲ್ಲ, ಸಾವಿರ ಜನದ ಹಿಟ್ಟಿನಲ್ಲಿ ಅದು ಸೌಟಿನ ಬೆನ್ನಿಗೆ ಅಂಟುವಷ್ಟು.

ನನ್ನ ಕಡೆಯಿಂದ ಆಗುವುದು ಇಷ್ಟು. ಇನ್ನು ಮೇಲೆ ನನ್ನ ಕೈಯ ಮದುವೆಗಳಲ್ಲಿ ಬೆಳಿಗ್ಗೆ ಐದಕ್ಕೆ ಮೊದಲ ಹಬೆ ಇಳಿಯುತ್ತದೆ. ಆ ಮೊದಲ ತಟ್ಟೆಗಳು ನಿಮ್ಮವು, ಓಲಗದವರದೂ ತಮಟೆಯವರದೂ ಒಟ್ಟಿಗೆ. ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು ಕೂಗಬೇಡಿ. ಊಟದ ಹಾಲಿಗೇ ಬನ್ನಿ, ಮುಂದಿನ ಸಾಲಿನ ಟೇಬಲ್ಲಿಗೆ ಕಾಗದ ಹಾಸಿ ನೀರಿಟ್ಟಿರುತ್ತೇನೆ. ಚಟ್ನಿಗೆ ಹಸಿಮೆಣಸಿನಕಾಯಿ ಕಡಿಮೆ ಹಾಕಿರುತ್ತೇನೆ. ನಾನು ಒಲೆ ಮುಂದೆ ಮೈಮರೆತಿದ್ದರೆ ಡೋಲಿನವರು ಎರಡು ಪೆಟ್ಟು ಹಾಕಿ, ತರುತ್ತೇನೆ.

ಇಂತಿ ನಿಮ್ಮ,
ಗೋಡೆಯ ಈಚೆ ಕಡೆಯವನು
ದೊಡ್ಡಬಳ್ಳಾಪುರ